ಉಳಿದ ಅನ್ನ ಹಸುವಿಗೆ ವಿಷವಾಗುವುದೇಕೆ?

ಪ್ರಶ್ನೆ: ಮದುವೆಯಲ್ಲಿ ಉಳಿದ ಅನ್ನವನ್ನು ಹಸುವಿಗೆ ಬುಟ್ಟಿಗಟ್ಟಲೆ ಹಾಕಿದೆವು. ಮರುದಿನ ಮೆಲುಕು ನಿಂತು, ಹುಳಿ ವಾಸನೆಯ ಭೇದಿ ಶುರುವಾಯಿತು. ಯಾಕೆ ಹೀಗೆ?

ಉತ್ತರ: ಹಸುವಿನ ಮೊದಲ ಹೊಟ್ಟೆ ರೂಮೆನ್, ನಾರು ಕರಗಿಸುವ ಸೂಕ್ಷ್ಮಜೀವಿಗಳ ಮನೆ. ಅಲ್ಲಿನ ಪಿಹೆಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 6ರಿಂದ 7 ಇರಬೇಕು. ಒಣಹುಲ್ಲು ಮೆಲುಕು ಹಾಕುವಾಗ ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಯುತ್ತದೆ. ಅದರಲ್ಲಿರುವ ಸೋಡಾ ಅಂಶ ಹುಳಿಯನ್ನು ತಣಿಸುತ್ತದೆ. ಅನ್ನಕ್ಕೆ ಮೆಲುಕು ಬೇಕಿಲ್ಲ, ಜೊಲ್ಲೂ ಕಡಿಮೆ. ಅದರ ಪಿಷ್ಟ ಕೆಲವೇ ಗಂಟೆಗಳಲ್ಲಿ ಲ್ಯಾಕ್ಟಿಕ್ ಆಮ್ಲವಾಗಿ, ಪಿಹೆಚ್ 5ಕ್ಕಿಂತ ಕೆಳಗಿಳಿಯಬಹುದು. ನಾರು ಕರಗಿಸುವ ಜೀವಿಗಳು ಸಾಯುತ್ತವೆ. ರಕ್ತದ ನೀರು ಹೊಟ್ಟೆಗೆ ಎಳೆದುಕೊಂಡು ಹೋಗಿ ಕಣ್ಣು ಗುಳಿಬೀಳುತ್ತದೆ, ಹಸು ತೂರಾಡಿ ಮಲಗಿಬಿಡುತ್ತದೆ.

ಅನ್ನ, ಹಿಂಡಿ ತಕ್ಷಣ ನಿಲ್ಲಿಸಿ, ಒಣಹುಲ್ಲು ಮಾತ್ರ ಕೊಡಿ, ಪಶುವೈದ್ಯರನ್ನು ಅಂದೇ ಕರೆಸಿ. ಮಲಗಿದ ಹಸುವಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು.