ಎರಡು ಸ್ಟ್ಯಾಕ್ ಇಟ್ಟುಕೊಂಡು ಟ್ಯೂರಿಂಗ್ ಮೆಷಿನ್ ಸಿಮ್ಯುಲೇಟ್ ಮಾಡೋದು ಹೇಗೆ?

ಟ್ಯೂರಿಂಗ್ ಮೆಷಿನ್ ಅಂದರೆ ಒಂದು ಕಾಲ್ಪನಿಕ ಕಂಪ್ಯೂಟರ್: ಉದ್ದನೆಯ ಟೇಪ್ ಮೇಲೆ ಅದರ ಹೆಡ್ ಒಂದೊಂದೇ ಅಕ್ಷರ ಓದಿ, ಬರೆದು, ಎಡಕ್ಕೋ ಬಲಕ್ಕೋ ಸರಿಯುತ್ತೆ. ಸ್ಟ್ಯಾಕ್ ಅಂದರೆ ಮೇಲಿನಿಂದಷ್ಟೇ ಹಾಕೋ (ಪುಶ್), ಮೇಲಿನಿಂದಷ್ಟೇ ತೆಗೆಯೋ (ಪಾಪ್) ರಾಶಿ. ಈಗ ಟೇಪನ್ನು ಹೆಡ್ ಇರುವ ಕಡೆ ಎರಡು ತುಂಡು ಮಾಡಿಕೊಳ್ಳಿ. ಹೆಡ್‌ನ ಎಡಗಡೆಯದೆಲ್ಲ ಒಂದು ಸ್ಟ್ಯಾಕ್‌ಗೆ. ಹೆಡ್ ಕೆಳಗಿರುವ ಅಕ್ಷರ, ಅದರ ಬಲಗಡೆಯದು ಇನ್ನೊಂದಕ್ಕೆ. ಹೆಡ್‌ಗೆ ಹತ್ತಿರದ್ದೇ ಮೇಲೆ ಇರಬೇಕು.

ಟೇಪ್ 1011, ಹೆಡ್ ಮೂರನೇ ಅಕ್ಷರದ ಮೇಲಿದೆ ಅಂದುಕೊಳ್ಳಿ. ಎಡ ಸ್ಟ್ಯಾಕ್‌ನ ಮೇಲೆ 0, ಕೆಳಗೆ 1. ಬಲದಲ್ಲಿ ಎರಡೂ 1. ‘0 ಬರೆದು ಬಲಕ್ಕೆ ಹೋಗು’ ಅಂದರೆ ಬಲದಿಂದ ಪಾಪ್ ಮಾಡಿ, ಎಡಕ್ಕೆ 0 ಪುಶ್ ಮಾಡಿ, ಅಷ್ಟೇ. ಎಡಕ್ಕೆ ಹೋಗುವಾಗ ಕೆಲಸ ಸ್ವಲ್ಪ ಜಾಸ್ತಿ: ಬಲದಿಂದ ಪಾಪ್ ಮಾಡಿ, ಹೊಸ ಅಕ್ಷರವನ್ನು ಅಲ್ಲೇ ಪುಶ್ ಮಾಡಿ, ಆಮೇಲೆ ಎಡದ ಮೇಲಿನದನ್ನು ತೆಗೆದು ಬಲಕ್ಕೆ ಹಾಕಿ. ಸ್ಟ್ಯಾಕ್ ಖಾಲಿಯಾಗಿದ್ದರೆ ಬ್ಲ್ಯಾಂಕ್ (ಟೇಪಿನ ಖಾಲಿ ಜಾಗ) ಸಿಕ್ಕಿತು ಅಂತ ಲೆಕ್ಕ. ಕೋಡ್ ಬರೆಯುವಾಗ ಸುಲಭವಾಗಿ ಮರೆತುಹೋಗೋದು ಇದೇ.

ಒಂದೇ ಸ್ಟ್ಯಾಕ್ ಸಾಲದು, ತೆಗೆದದ್ದನ್ನು ಇಡೋಕೆ ಜಾಗವೇ ಇರಲ್ಲ ಅಲ್ವಾ? ಸ್ಟ್ಯಾಕ್ ಬದಲು ಎರಡು ಕೌಂಟರ್ (ಒಂದು ಕೂಡಿಸಿ, ಒಂದು ಕಳೆದು, ಸೊನ್ನೆಯೇ ಅಂತ ನೋಡಬಹುದಾದ ಸಂಖ್ಯೆ) ಇದ್ದರೂ ಸಾಕು ಅಂತ ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ 1961ರಲ್ಲೇ ತೋರಿಸಿದ್ದಾರೆ, ಆದರೆ ಅದು ವಿಪರೀತ ನಿಧಾನ.