ಕೊಳಗ ದೊಡ್ಡದಿದೆ ಎಂದು ಯಾರಾದರೂ ಹೇಳಬೇಕು

ರಾಜಕೀಯದಲ್ಲಿ ಇಷ್ಟೊಂದು ಜಗಳ ಏಕೆ, ಎಲ್ಲರೂ ಒಮ್ಮತದಿಂದ ನಡೆದರೆ ದೇಶ ಬೇಗ ಮುಂದೆ ಬರುವುದಿಲ್ಲವೇ ಎಂದು ಕೇಳಿದ್ದೀರಿ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಬರುವುದಿಲ್ಲ ಎಂದೇ ನನ್ನ ಉತ್ತರ. ಅದನ್ನು ನಾನು ಕಲಿತದ್ದು ನಮ್ಮ ಮನೆಯ ಅಟ್ಟದ ಮೇಲಿದ್ದ, ಭತ್ತ ಅಳೆಯುವ ಒಂದು ಕೊಳಗದಿಂದ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಅಜ್ಜನ ಕಾಲದಲ್ಲಿ ಗದ್ದೆಗಳನ್ನೆಲ್ಲ ಗೇಣಿಗೆ ಕೊಟ್ಟಿದ್ದ ಮನೆ. ಹತ್ತು ವರ್ಷದವನಾಗಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅಟ್ಟ ಹತ್ತಿ, ಗೇಣಿಯ ಭತ್ತ ಅಳೆದುಕೊಳ್ಳುತ್ತಿದ್ದ, ಹಿತ್ತಾಳೆಯ ಪಟ್ಟಿ ಬಿಗಿದ ಮರದ ಕೊಳಗವೊಂದನ್ನು ಕೆಳಗಿಳಿಸಿದೆ. ಮೂರು ಸೇರಿಗೆ ತುಂಬುತ್ತದೆ ಎಂದು ಅಜ್ಜಿ ಹೇಳಿದರು. ಅಡುಗೆಮನೆಯ ಸೇರಿನಲ್ಲಿ ಮೂರು ಸಲ ಭತ್ತ ಅಳೆದು ಸುರಿದೆ. ತುಂಬಲಿಲ್ಲ. ಇನ್ನೂ ಅರ್ಧ ಸೇರು ಹಿಡಿಯಿತು. ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಕಾಲದಿಂದಲೂ ಅದೇ ಕೊಳಗ ಮಗು. ಅದು ದೊಡ್ಡದು ಎಂದು ಗೇಣಿದಾರರು ಜಗಳಕ್ಕೆ ನಿಲ್ಲುವವರೆಗೆ ನನಗೆ ಅನ್ನಿಸಿಯೇ ಇರಲಿಲ್ಲ" ಎಂದರು.

ಅಜ್ಜ ಕೆಟ್ಟವರಾಗಿರಲಿಲ್ಲ. ಕೊಳಗ ಹಿಡಿದು ಅಳೆದುಕೊಳ್ಳುವವನಿಗೆ ಅದರ ಅಳತೆ ಸರಿಯಾಗಿಯೇ ಕಾಣುತ್ತದೆ. ಹೆಚ್ಚಾಗಿ ಹೋದ ಭತ್ತದ ಲೆಕ್ಕ ತಿಳಿಯುವುದು ಸುರಿಯುವವನಿಗೆ ಮಾತ್ರ. ಅವನು ಬಾಯಿ ಬಿಡದಿದ್ದರೆ, ಅಥವಾ ಬಾಯಿ ಬಿಡಲು ನಾವು ಬಿಡದಿದ್ದರೆ, ಆ ತಪ್ಪು ಯಾರಿಗೂ ಕಾಣದೆ ತಲೆಮಾರುಗಳವರೆಗೆ ನಡೆಯುತ್ತಲೇ ಇರುತ್ತದೆ.

ನಮ್ಮ ಕಡೆ ಅದನ್ನು ಬಾಯಿ ಬಿಟ್ಟು ಹೇಳಿದವರು ಕಾಗೋಡಿನ ಗೇಣಿದಾರರು. 1951ರ ಕಾಗೋಡು ಸತ್ಯಾಗ್ರಹದ ಹಿಂದೆ ಇದ್ದದ್ದು ಇದೇ ಕೊಳಗದ ತಕರಾರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಬೆಂಬಲಕ್ಕೆ ನಿಂತರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ. ಅಧಿಕಾರದಲ್ಲಿದ್ದದ್ದು ಸ್ವಾತಂತ್ರ್ಯ ತಂದುಕೊಟ್ಟ ಪಕ್ಷ. ನೀವು ಹೇಳುವ ಒಮ್ಮತಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಮತ್ತೊಂದಿರಲಿಲ್ಲ. ಆ ಒಮ್ಮತದೊಳಗೆ ಗೇಣಿದಾರನ ಅರ್ಧ ಸೇರಿಗೆ ಜಾಗವೇ ಇರಲಿಲ್ಲ.

ಸತ್ಯಾಗ್ರಹ ಕೂಡಲೇ ಗೆಲ್ಲಲಿಲ್ಲ. ಆದರೆ ಮರುವರ್ಷ ಚುನಾವಣೆ ಬಂತು. ಕೈಯಲ್ಲಿ ಕಾಸಿಲ್ಲದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಇದೇ ಸೀಮೆಯಿಂದ ಗೆದ್ದು ವಿಧಾನಸಭೆಗೆ ಹೋದರು. ಸತ್ಯಾಗ್ರಹಿಗಳನ್ನು ಹಿಡಿದು ಜೈಲಿಗೆ ಹಾಕಿದ ರಾಜ್ಯದಲ್ಲಿಯೇ, ಆ ಸತ್ಯಾಗ್ರಹದ ಪರ ನಿಂತವರೊಬ್ಬರು ಶಾಸನಸಭೆಯಲ್ಲಿ ಎದ್ದು ನಿಂತು ಸರ್ಕಾರವನ್ನು ಪ್ರಶ್ನಿಸಿದರು. ಸ್ವತಂತ್ರ ಸಮಾಜ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಈ ಚಿತ್ರ.

ಮುಂದೆ 1961ರಲ್ಲಿ ಭೂಸುಧಾರಣಾ ಕಾಯಿದೆ ಬಂತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಜಮೀನು ಬಿಡಿಸಿಕೊಳ್ಳುವ ದಾರಿ ಅದರಲ್ಲಿ ಉಳಿದಿತ್ತು. ವಾದ ನಿಲ್ಲಲಿಲ್ಲ. ಕೊನೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಅದನ್ನು ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ವಿರೋಧಿಗಳು ಬೀದಿಯಲ್ಲಿ ಕೂಗಿದ್ದ ಮಾತನ್ನೇ ಆಳುವ ಪಕ್ಷ ಕಾನೂನು ಮಾಡಿತು. ಗೋಪಾಲಗೌಡರು ಅದನ್ನು ನೋಡಲಿಲ್ಲ; 1972ರಲ್ಲಿಯೇ ತೀರಿಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ತಿದ್ದುಪಡಿಯ ಮರುವರ್ಷವೇ, 1975ರಲ್ಲಿ, ತುರ್ತುಪರಿಸ್ಥಿತಿ ಬಂದು ಇಡೀ ದೇಶಕ್ಕೆ ಇದರ ಇನ್ನೊಂದು ಮುಖ ತೋರಿಸಿತು. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಉತ್ತರ ಭಾರತದ ಹಳ್ಳಿಗಳಲ್ಲಿ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದರೆ ಅದನ್ನು ಬರೆಯುವವರಿಲ್ಲ, ಸದನದಲ್ಲಿ ಗಟ್ಟಿಯಾಗಿ ಕೇಳುವವರಿಲ್ಲ. ಜನರ ಸಿಟ್ಟು ಎಷ್ಟಿತ್ತೆಂದು ಗೊತ್ತಾದದ್ದು 1977ರ ಮತ ಎಣಿಕೆಯ ದಿನ.

ಟಿವಿಯಲ್ಲಿ ರಾತ್ರಿ ನಡೆಯುವ ಅರಚಾಟವನ್ನು ನಾನು ಭಿನ್ನಾಭಿಪ್ರಾಯ ಎನ್ನುವುದಿಲ್ಲ. ಅಲ್ಲಿ ಯಾರೂ ಸೇರು ತಂದು ಅಳೆದು ತೋರಿಸುವುದಿಲ್ಲ. ನಿಮಗೆ ಬೇಸರ ತಂದಿರುವುದು ಅದೇ ಆಗಿದ್ದರೆ ನಾನು ನಿಮ್ಮ ಕಡೆಯೇ.

ಹೀಗೆ ಜಗಳವಾಡಿದರೆ ಮನೆ ಒಡೆಯುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಗೇಣಿದಾರರೊಬ್ಬರು ಆ ಕಾಯಿದೆಯಂತೆ ಗದ್ದೆಯ ಹಕ್ಕು ಕೇಳುವ ಅರ್ಜಿ (ಡಿಕ್ಲರೇಷನ್) ಹಾಕಿ ಗದ್ದೆ ಪಡೆದಾಗ ಅಜ್ಜ ಮೂರು ವರ್ಷ ಅವರೊಂದಿಗೆ ಮಾತು ಬಿಟ್ಟಿದ್ದರಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಹಿರಿಯರು ಪ್ರತಿ ಚುನಾವಣೆಗೂ ಮೊದಲು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಇಬ್ಬರ ಓಟು ಬೇರೆ ಬೇರೆ. ಅಜ್ಜ ಎಲೆಗೆ ಸುಣ್ಣ ಹಚ್ಚಿ ಅವರ ಮುಂದೆ ಹಿಡಿದು, "ನಿಮ್ಮವರು ಈ ಸಲ ಠೇವಣಿ ಕಳೆದುಕೊಳ್ಳುತ್ತಾರೆ ನೋಡಿ" ಎನ್ನುತ್ತಿದ್ದರು. ಅವರು ಎಲೆ ತೆಗೆದುಕೊಂಡು, ಏಕೆ ಕಳೆದುಕೊಳ್ಳುವುದಿಲ್ಲ ಎಂದು ಶುರು ಮಾಡಿದರೆ ಅಜ್ಜಿ ಒಳಗಿನಿಂದ ದೀಪ ತಂದಿಡುವವರೆಗೂ ಮುಗಿಯುತ್ತಿರಲಿಲ್ಲ.