ಹಳೆಯ ಹಾಯಿದೋಣಿಯ ಬೂಮ್ ಕಳಚುವ ಮುನ್ನ

ಪ್ರಶ್ನೆ: ಸುಮಾರು 40 ವರ್ಷ ಹಳೆಯದಾದ, ಒಂದೇ ಕಂಬದ ಹಾಯಿದೋಣಿಯೊಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ಅದರ ಅಲ್ಯೂಮಿನಿಯಂ ಬೂಮನ್ನು, ಅಂದರೆ ದೊಡ್ಡ ಹಾಯಿಯ ಕೆಳಅಂಚನ್ನು ಹಿಡಿದಿಡುವ ಅಡ್ಡಕೊಳವೆಯನ್ನು, ಬಿಚ್ಚಿ ದುರಸ್ತಿ ಮಾಡಬೇಕೆಂದಿದ್ದೇನೆ. ಕಂಬದ ಬಳಿಯ ಸ್ಕ್ರೂಗಳು ಒಂದಿಷ್ಟೂ ಅಲುಗುತ್ತಿಲ್ಲ. ಯಾವ ಕ್ರಮದಲ್ಲಿ ಕೆಲಸ ಮಾಡಲಿ? ಒಬ್ಬನಿಂದಲೇ ಆದೀತೆ?

ಉತ್ತರ: ಕ್ರಮವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದು ತಪ್ಪಿದರೆ ಬೂಮ್ ನೇರವಾಗಿ ಕೆಳಗಿರುವವರ ತಲೆಯ ಮೇಲೆ ಬೀಳುತ್ತದೆ. ಗಾಳಿಯಿಲ್ಲದ ದಿನವನ್ನು ಆರಿಸಿಕೊಂಡು, ಹಾಯಿಯನ್ನು ಪೂರ್ತಿ ಬಿಚ್ಚಿ ತೆಗೆದಿಡಿ. ಹಾಯಿ ಇಲ್ಲದಾಗ ಬೂಮಿನ ಹಿಂತುದಿಯನ್ನು ಎತ್ತಿ ಹಿಡಿದಿರುವುದು ಕಂಬದ ನೆತ್ತಿಯಿಂದ ಇಳಿದು ಬರುವ ಟಾಪಿಂಗ್ ಲಿಫ್ಟ್ ಎಂಬ ಹಗ್ಗ ಮಾತ್ರ. ವರ್ಷಗಟ್ಟಲೆ ಬಿಸಿಲಿನಲ್ಲೇ ನಿಂತಿರುವ, ಯಾರೂ ಹತ್ತಿರದಿಂದ ನೋಡದ ಹಗ್ಗವದು. ಅದೊಂದನ್ನೇ ನಂಬಬೇಡಿ. ದೊಡ್ಡ ಹಾಯಿಯನ್ನು ಏರಿಸುವ ಹ್ಯಾಲ್ಯಾರ್ಡನ್ನೂ ತಂದು ಹಿಂತುದಿಗೆ ಕಟ್ಟಿ ಬಿಗಿ ಮಾಡಿದ ಮೇಲೆಯೇ, ಬೂಮನ್ನು ಒಳಕ್ಕೆ ಎಳೆದು ಹಿಡಿಯುವ ಹಗ್ಗವಾದ ಮೇನ್‌ಶೀಟನ್ನೂ ಬೂಮನ್ನು ಕೆಳಕ್ಕೆ ಎಳೆಯುವ ವ್ಯಾಂಗನ್ನೂ ಬಿಡಿಸಿ. ಅನಂತರ ಹಿಂತುದಿಯನ್ನು ನಿಧಾನವಾಗಿ ಇಳಿಸಿ, ಮೆತ್ತೆ ಹಾಸಿದ ಆಸನದ ಮೇಲೆ ಕೂರಿಸಿ, ಕೊನೆಗೆ ಮುಂತುದಿಗೆ ಕೈ ಹಾಕಿ. ಬೂಮ್ ಭಾರವಲ್ಲದಿದ್ದರೂ ಉದ್ದವಾದ್ದರಿಂದ ತಿರುಗಿ ಹೊಡೆಯುತ್ತದೆ. ಹಾಗಾಗಿ ಮುಂತುದಿಯನ್ನು ಹಿಡಿಯಲು ಇನ್ನೊಬ್ಬರು ಇರುವುದು ಒಳ್ಳೆಯದು.

ನಿಮ್ಮ ಸ್ಕ್ರೂಗಳ ವಿಷಯ. ಬಹಳಷ್ಟು ದೋಣಿಗಳಲ್ಲಿ ಬೂಮ್ ಬಿಚ್ಚಲು ಕಂಬದ ಸ್ಕ್ರೂಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಬೂಮನ್ನು ಕಂಬಕ್ಕೆ ಸೇರಿಸುವ ಗೂಸ್‌ನೆಕ್ ಎಂಬ ಕೀಲಿನಲ್ಲಿ ಒಂದು ದಪ್ಪ ಪಿನ್ ಇರುತ್ತದೆ. ಅದರ ತುದಿಯಲ್ಲಿ ಕಾಲು ಅಗಲಿಸಿ ಸಿಕ್ಕಿಸಿರುವ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಎಳೆದು, ದಪ್ಪ ಪಿನ್ನನ್ನು ಮರದ ತುಂಡಿನಿಂದ ತಟ್ಟಿದರೆ ಬೂಮ್ ಬಿಡಿಸಿಕೊಳ್ಳುತ್ತದೆ. ಗೂಸ್‌ನೆಕ್ಕನ್ನು ಕಂಬಕ್ಕೆ ಹಿಡಿದಿಡುವ ತಟ್ಟೆ ಬಿರುಕು ಬಿಟ್ಟಿದ್ದರೆ ಅಥವಾ ಅಲುಗಾಡುತ್ತಿದ್ದರೆ ಮಾತ್ರ ಸ್ಕ್ರೂಗಳಿಗೆ ಕೈ ಹಾಕಿ.

ಕೈ ಹಾಕಲೇಬೇಕಾದರೆ, ಅವು ಏಕೆ ಕಚ್ಚಿಕೊಂಡಿವೆ ಎಂಬುದನ್ನು ತಿಳಿದಿರಬೇಕು. ಸ್ಟೇನ್‌ಲೆಸ್ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಆ ಜಾಗ ಪುಟ್ಟ ಬ್ಯಾಟರಿಯಂತೆ ವರ್ತಿಸುತ್ತದೆ, ಮತ್ತು ಸವೆಯುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಸ್ಕ್ರೂವಿನ ತಲೆಯ ಸುತ್ತ ಕಾಣುವ ಬಿಳಿ ಪುಡಿ ಆ ಸವೆತದ್ದು. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಸ್ಕ್ರೂವನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ. ಇಲ್ಲಿ ತೋಳ್ಬಲಕ್ಕಿಂತ ತಾಳ್ಮೆಯೇ ಹೆಚ್ಚು ಕೆಲಸ ಮಾಡುತ್ತದೆ. ಒಳಗಿಳಿಯುವ ಎಣ್ಣೆಯನ್ನು ಮೂರು ನಾಲ್ಕು ದಿನ ಹಚ್ಚುತ್ತಿರಿ; ಬಿಸಿಗಾಳಿಯ ಗನ್ನಿನಿಂದ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಕಾಯಿಸಿ, ಅದು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ; ಅನಂತರ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರಿನಿಂದ ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಒಮ್ಮೆ ನಾನು ಎಣ್ಣೆ ಹಚ್ಚಿದ ದಿನವೇ ಆತುರಪಟ್ಟು ಉದ್ದ ಹಿಡಿಯ ಸ್ಪ್ಯಾನರಿನಿಂದ ತಿರುಗಿಸಲು ಹೋದೆ. ತಲೆ ತುಂಡಾಗಿ ಕೈಗೆ ಬಂತು. ಉಳಿದ ಮೊಂಡನ್ನು ಡ್ರಿಲ್ಲಿನಿಂದ ಕೊರೆದು, ಹೊಸ ಥ್ರೆಡ್ ಕೊಯ್ಯುವುದರಲ್ಲಿ ಎರಡು ದಿನ ಹೋಯಿತು. ಮರಳಿ ಜೋಡಿಸುವಾಗ ಪ್ರತಿ ಸ್ಕ್ರೂವಿಗೂ ಲ್ಯಾನೊಲಿನ್ ಅಥವಾ ಟೆಫ್ಲಾನ್ ಬೆರೆತ ದಪ್ಪ ಗ್ರೀಸನ್ನು ತಪ್ಪದೆ ಹಚ್ಚಿ, ಲೋಹಗಳ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಭಾರ ಹೊರುವ ಕಡೆ ಅಲ್ಯೂಮಿನಿಯಂ ರಿವೆಟ್ ಸಾಲದು. ನಿಕಲ್-ತಾಮ್ರದ ಮಿಶ್ರಲೋಹವಾದ ಮೋನೆಲ್ ರಿವೆಟ್ಟನ್ನೇ ಹಾಕಿ.

ಬೂಮಿನ ಒಳಗೆ ಹಾಯುವ ಹಗ್ಗಗಳನ್ನು ಎಳೆದು ತೆಗೆಯುವ ಮೊದಲು, ಪ್ರತಿ ಹಗ್ಗದ ತುದಿಗೂ ಒಂದು ತೆಳು ದಾರವನ್ನು ತುದಿಗೆ ತುದಿ ಕೂಡಿಸಿ ಹೊಲಿಯಿರಿ. ಗಂಟು ಹಾಕಿದರೆ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಗ್ಗ ಹೊರಬಂದಾಗ ದಾರ ಅದರ ದಾರಿಯಲ್ಲೇ ಉಳಿದು, ಮುಂದೆ ಹೊಸ ಹಗ್ಗವನ್ನು ಒಳಗೆ ಕರೆದೊಯ್ಯುತ್ತದೆ. ತುದಿಮುಚ್ಚಳಗಳನ್ನು ತೆಗೆದು ಒಳಗನ್ನು ಸಿಹಿನೀರಿನಿಂದ ತೊಳೆಯಿರಿ, ರಾಟೆಗಳು ಬೆರಳಿಗೆ ಸಲೀಸಾಗಿ ತಿರುಗುತ್ತವೆಯೇ ನೋಡಿ. ಗೂಸ್‌ನೆಕ್ಕಿನ ಪಿನ್ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಭಾಗವನ್ನು ಬದಲಿಸಬೇಕು. ವ್ಯಾಂಗ್ ಕೂಡುವ ಜಾಗವನ್ನು ವಿಶೇಷವಾಗಿ ನೋಡಿ: ಬೂಮನ್ನು ಬಗ್ಗಿಸುವ ಒತ್ತಡ ಅಲ್ಲಿ ಬಹಳ, ಅಲ್ಲಿಯ ತೂತುಗಳ ಅಂಚಿನಿಂದ ಹೊರಟ ಬಿರುಕಿಗೆ ತೇಪೆ ಹಚ್ಚಿ ಸಮುದ್ರಕ್ಕೆ ಹೋಗಬಾರದು.

ಪ್ರಶ್ನೆ: ಕಂಬವನ್ನು ನಿಲ್ಲಿಸಿರುವ ಸ್ಟೇನ್‌ಲೆಸ್ ತಂತಿಗಳು ಇನ್ನೂ ಹೊಳೆಯುತ್ತಿವೆ. ಆದರೂ ಬದಲಿಸಬೇಕೆ? ಕಂಬವನ್ನು ಇಳಿಸದೆ ಒಂದೊಂದಾಗಿ ಬದಲಿಸಬಹುದೆ?

ಉತ್ತರ: ಹೊಳಪಿಗೆ ಮೋಸಹೋಗಬೇಡಿ. ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುವುದು ಗಾಳಿಯ ಆಮ್ಲಜನಕದಿಂದ ತನ್ನ ಮೈಮೇಲೆ ಕಟ್ಟಿಕೊಳ್ಳುವ ತೆಳುಪದರದಿಂದ. ಗಾಳಿಯಾಡದೆ ಉಪ್ಪುನೀರು ನಿಲ್ಲುವ ಸಂದಿಯಲ್ಲಿ, ಅಂದರೆ ತಂತಿಯು ತನ್ನ ಕೆಳತುದಿಯನ್ನು ಒತ್ತಿ ಹಿಡಿದಿರುವ ಲೋಹದ ಕೊಳವೆಯೊಳಗೆ ಇಳಿಯುವಲ್ಲಿ, ಟೇಪು ಸುತ್ತಿರುವಲ್ಲಿ, ತಂತಿಗಳನ್ನು ದೋಣಿಯ ಒಡಲಿಗೆ ಬಿಗಿಯುವ ಲೋಹಪಟ್ಟಿಯಾದ ಚೈನ್‌ಪ್ಲೇಟು ಡೆಕ್ಕನ್ನು ಹಾಯುವಲ್ಲಿ ಆ ಪದರ ಉಳಿಯುವುದಿಲ್ಲ. ಟೇಪುಗಳನ್ನೆಲ್ಲ ಬಿಚ್ಚಿ, ಕೊಳವೆಯನ್ನು ಉಜ್ಜಿ, ಭೂತಗನ್ನಡಿಯಿಂದ ನೋಡಿ. ಕೂದಲಿನಂಥ ಉದ್ದಗೆರೆ ಕಂಡರೆ ಅದು ಬಿರುಕು. ತಂತಿಯ ಮೇಲೆ ಬರಿಗೈಯನ್ನು ಎಳೆಯಬೇಡಿ. ಹತ್ತಿಯ ಉಂಡೆಯಿಂದ ಸವರಿಕೊಂಡು ಹೋದರೆ ತುಂಡಾದ ಎಳೆ ಇರುವಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಇಂಥ ತಂತಿಯಲ್ಲಿ ಸಾಮಾನ್ಯವಾಗಿ ಇರುವ 19 ಎಳೆಗಳಲ್ಲಿ ಒಂದು ಮುರಿದಿದ್ದರೂ ಆ ತಂತಿಯ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು, ಮತ್ತು ಅದರ ಜೊತೆಗೇ ಹಾಕಿದ ಉಳಿದ ತಂತಿಗಳೂ ಅಷ್ಟೇ ದಣಿದಿವೆ. 10ರಿಂದ 15 ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸುವ ರೂಢಿ ಇದೆ. ತಂತಿಗಳ ವಯಸ್ಸೇ ತಿಳಿಯದ ಹಳೆಯ ದೋಣಿಯಲ್ಲಿ ನಾನಾದರೆ ಕಾಯುವುದಿಲ್ಲ.

ಒಂದೊಂದಾಗಿ ಬದಲಿಸಬಹುದು. ಆದರೆ ತಂತಿಯನ್ನು ಬಿಚ್ಚುವ ಮುನ್ನ ಅದೇ ದಿಕ್ಕಿಗೆ ಗಟ್ಟಿ ಹ್ಯಾಲ್ಯಾರ್ಡೊಂದನ್ನು ಕಟ್ಟಿ ಬಿಗಿಯಲೇಬೇಕು. ಕಂಬದ ಬುಡ ಡೆಕ್ಕಿನ ಮೇಲಷ್ಟೇ ನಿಂತಿದ್ದರೆ ಅಥವಾ ಚೈನ್‌ಪ್ಲೇಟಿನ ಬಗ್ಗೆ ಅನುಮಾನವಿದ್ದರೆ, ಕ್ರೇನಿನಿಂದ ಕಂಬವನ್ನು ಇಳಿಸಿ ನೆಲದ ಮೇಲೆ ಕೆಲಸ ಮಾಡುವುದೇ ಕ್ಷೇಮ. ತಂತಿಯ ಬಿಗಿಯನ್ನು ಹೊಂದಿಸುವ ತಿರುಪುಕೊಂಡಿ ಟರ್ನ್‌ಬಕಲ್, ಅಂಥ ಪ್ರತಿಯೊಂದರ ಹೊರಗೆ ಕಾಣುವ ಥ್ರೆಡ್ ಸುತ್ತುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ, ಮತ್ತೆ ಬಿಗಿ ಹೊಂದಿಸಲು ಅದೇ ಆಧಾರ. ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ಪೂರ್ತಿ ಸುರುಳಿ ಸುತ್ತದೆ ಸ್ವಲ್ಪವೇ ಅಗಲಿಸಿ; ಆಪತ್ತಿನಲ್ಲಿ ಅದನ್ನು ಬೇಗ ಕಿತ್ತು ತೆಗೆಯಬೇಕಾಗಬಹುದು.

ಪ್ರಶ್ನೆ: ಬಿರುಸಾದ ಹಳೆಯ ಹಗ್ಗಗಳನ್ನು ಮೆತ್ತಗಾಗಿಸಬಹುದೆ? ಅರ್ಧ ತಂತಿ, ಅರ್ಧ ಹಗ್ಗದ ನನ್ನ ಹ್ಯಾಲ್ಯಾರ್ಡನ್ನು ಪೂರ್ತಿ ಹಗ್ಗಕ್ಕೆ ಬದಲಿಸಬಹುದೆ?

ಉತ್ತರ: ಪಾಲಿಯೆಸ್ಟರ್ ಹಗ್ಗವನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಸೌಮ್ಯ ಸೋಪು ಹಾಕಿ ರಾತ್ರಿಯಿಡೀ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ. ಬ್ಲೀಚ್ ಬೇಡ. ಒಳತಿರುಳು ಅಲ್ಲಲ್ಲಿ ತೆಳುವಾಗಿ ಕೈಗೆ ಸಿಕ್ಕರೆ ತೊಳೆದು ಪ್ರಯೋಜನವಿಲ್ಲ. ಹ್ಯಾಲ್ಯಾರ್ಡನ್ನು ಬದಲಿಸಬಹುದು, ಆದರೆ ಮೊದಲು ಕಂಬದ ನೆತ್ತಿಯ ರಾಟೆಯನ್ನು ನೋಡಿ: ತಂತಿಗಾಗಿ ಮಾಡಿದ ಕಿರಿದಾದ ತೋಡಿನಲ್ಲಿ, ತಂತಿ ಕೊರೆದ ಹರಿತ ಅಂಚಿನ ಮೇಲೆ ಹೊಸ ಹಗ್ಗವನ್ನು ಓಡಿಸಿದರೆ ಅದು ಬೇಗನೆ ಹರಿದುಹೋಗುತ್ತದೆ. ಅಗಲ ತೋಡಿನ ರಾಟೆಯನ್ನು ಹಾಕಿದ ಮೇಲೆಯೇ ಹಗ್ಗವನ್ನು ಏರಿಸಿ.